ಹೊಸ ಉಪ್ಪುನೀರಿನ ಪಂಪ್ ಕೂರಿಸಿದ ಮೇಲೂ ಎಂಜಿನ್ ಬಿಸಿಯಾಗುತ್ತಿದೆ

ಪ್ರಶ್ನೆ: ಮೇಸ್ತ್ರಿಯವರಿಗೆ ನಮಸ್ಕಾರ. ಮಲ್ಪೆಯಲ್ಲಿ ನಮ್ಮದೊಂದು ಟ್ರಾಲ್ ಬೋಟ್ ಇದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ, ಎಂಜಿನ್ ತಂಪಾಗಿಸಲು ಸಮುದ್ರದ ನೀರು ಎಳೆಯುವ, ಗೇರಿನಿಂದ ತಿರುಗುವ ಉಪ್ಪುನೀರಿನ ಪಂಪನ್ನು ನಾನೇ ಬದಲಾಯಿಸಿದೆ. ಎಂಜಿನ್ ನಿಧಾನವಾಗಿ ಓಡುವಾಗ ಬೋಟಿನ ಬದಿಯ ಪೈಪಿನಿಂದ ನೀರು ಚೆನ್ನಾಗಿ ಬರುತ್ತದೆ. ವೇಗ ಹೆಚ್ಚಿಸಿದರೆ ನೀರು ಕಡಿಮೆಯಾಗಿ ಬಿಸಿ ತೋರಿಸುವ ಮೀಟರಿನ ಮುಳ್ಳು ಏರುತ್ತದೆ. ಹಳೆಯ ಹೋಸ್ ಬಿರುಕು ಬಿಟ್ಟಿದ್ದರಿಂದ ಸ್ಟ್ರೈನರಿನಿಂದ (ನೀರಿನ ಕಸ ತಡೆಯುವ ಜಾಲರಿ) ಪಂಪಿನವರೆಗೆ ತೋಟಕ್ಕೆ ನೀರು ಬಿಡುವ ಮೆತ್ತನೆಯ ಪೈಪ್ ಹಾಕಿದ್ದೇನೆ. ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಎಸಳಿನ ಚಕ್ರ, ಅಂದರೆ ಇಂಪೆಲ್ಲರ್, ಹೊಸದೇ.

ಉತ್ತರ: ನಿಮ್ಮ ತೊಂದರೆಯ ಮೂಲ ಬಹುಶಃ ಆ ಮೆತ್ತನೆಯ ಪೈಪಿನಲ್ಲಿಯೇ ಇದೆ. ವೇಗ ಏರಿದಷ್ಟೂ ಪಂಪ್ ಬಲವಾಗಿ ಎಳೆಯುತ್ತದೆ. ಆಗ ಹೀರುವ ಬದಿಯ ಪೈಪ್ ಹಪ್ಪಳದಂತೆ ಚಪ್ಪಟೆಯಾಗಿ ನೀರಿನ ದಾರಿ ಮುಚ್ಚುತ್ತದೆ. ಮತ್ತೊಬ್ಬರು ವೇಗ ಏರಿಸುವಾಗ ನೀವು ಪೈಪನ್ನೇ ಗಮನಿಸಿ, ತಿರುಗುವ ಭಾಗಗಳಿಂದ ಕೈ ದೂರವಿರಲಿ. ಅಲ್ಲಿಗೆ ಒಳಗೆ ತಂತಿಯ ಸುರುಳಿಯಿರುವ ಗಟ್ಟಿ ಹೋಸ್ ಬೇಕು, ಪ್ರತಿ ತುದಿಗೂ ಎರಡೆರಡು ಸ್ಟೀಲ್ ಕ್ಲಿಪ್ ಬೇಕು. ಈ ಬದಿಯಲ್ಲಿ ಸಂದು ಸಡಿಲವಾದರೆ ನೀರು ಹೊರಗೆ ಸೋರುವ ಬದಲು ಗಾಳಿ ಒಳಗೆ ನುಗ್ಗುವುದರಿಂದ, ಕಣ್ಣಿಗೆ ಏನೂ ಕಾಣದಿದ್ದರೂ ನೀರು ಕಡಿಮೆಯಾಗುತ್ತದೆ.

ಹೋಸ್ ಬದಲಾಯಿಸುವಾಗ ಪಂಪನ್ನೂ ಒಮ್ಮೆ ಬಿಚ್ಚಿ ನೋಡಿ. ಹಳೆಯ ಗ್ಯಾಸ್ಕೆಟಿನ (ಸಂದು ಮುಚ್ಚುವ ತೆಳು ಹಾಳೆಯ) ಚೂರು ಎಂಜಿನ್ ಮುಖದಲ್ಲಿ ಉಳಿದಿದ್ದರೆ ಪಂಪ್ ಓರೆಯಾಗಿ ಕೂರುತ್ತದೆ. ಗೇರಿನ ಹಲ್ಲು ಸರಿಯಾಗಿ ಸೇರಿದರೆ ಪಂಪ್ ಕೈಯ ಬಲದಿಂದಲೇ ತನ್ನ ಜಾಗಕ್ಕೆ ಹೋಗಬೇಕು. ಬೋಲ್ಟ್ ಬಿಗಿಮಾಡಿ ಅದನ್ನು ಎಳೆದು ಕೂರಿಸಿದರೆ ಬೇರಿಂಗ್ ಮತ್ತು ಸೀಲ್ ಬೇಗ ಹಾಳಾಗುತ್ತವೆ. ಮುಚ್ಚಳಕ್ಕೆ ಕಂಪನಿ ಕೊಟ್ಟ ತೆಳುವಾದ ಗ್ಯಾಸ್ಕೆಟನ್ನೇ ಬಳಸಿ. ದಪ್ಪನೆಯ ಕಾಗದ ಕತ್ತರಿಸಿ ಹಾಕಿದರೆ ಇಂಪೆಲ್ಲರಿನ ಪಕ್ಕದಲ್ಲಿ ಸಂದು ಉಳಿದು ನೀರು ಹಿಂದಕ್ಕೆ ಜಾರುತ್ತದೆ. ಇಂಪೆಲ್ಲರಿಗೆ ಗ್ಲಿಸರಿನ್ ಅಥವಾ ಸಾಬೂನಿನ ನೀರು ಸವರಿ, ಪಂಪ್ ತಿರುಗುವ ದಿಕ್ಕಿಗೇ ತಿರುಗಿಸುತ್ತ ಒಳಗೆ ತಳ್ಳಿ, ಎಸಳುಗಳು ಹಿಂದಕ್ಕೆ ಬಾಗಿರಬೇಕು. ಮಾಮೂಲಿ ಗ್ರೀಸ್ ರಬ್ಬರನ್ನು ಕೆಡಿಸುತ್ತದೆ. ಸೀ ಕಾಕ್ (ಸಮುದ್ರದ ನೀರು ಒಳಬರುವ ವಾಲ್ವ್) ತೆರೆದು, ಸ್ಟ್ರೈನರಿಗೆ ನೀರು ತುಂಬಿಸಿಯೇ ಎಂಜಿನ್ ಚಾಲು ಮಾಡಿ, ಏಕೆಂದರೆ ಒಣಗಿ ತಿರುಗಿದ ಇಂಪೆಲ್ಲರ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.

ಮರುಪ್ರಶ್ನೆ: ಪೈಪ್ ಚಪ್ಪಟೆಯಾಗುವುದನ್ನು ಕಣ್ಣಾರೆ ಕಂಡೆ, ತಂತಿಯ ಹೋಸ್ ಹಾಕಿದ ಮೇಲೆ ನೀರು ಹೆಚ್ಚಿದೆ. ಆದರೆ ಪಂಪಿನ ಮೈಯ ಕೆಳಗಿನ ಸಣ್ಣ ತೂತಿನಿಂದ ಹನಿ ಬೀಳುತ್ತಿದೆ. ಅದನ್ನು ಎಂಸೀಲ್ ಹಾಕಿ ಮುಚ್ಚಬಹುದೇ?

ಉತ್ತರ: ದಯವಿಟ್ಟು ಮುಚ್ಚಬೇಡಿ. ನೀರಿನ ಸೀಲಿಗೂ ಎಣ್ಣೆಯ ಸೀಲಿಗೂ ನಡುವೆ ಸೋರಿದ್ದು ಹೊರಗೆ ಹೋಗಲೆಂದೇ ಆ ತೂತು ಇರುವುದು. ಹನಿಯನ್ನು ಬೆರಳಿಗೆ ತೆಗೆದುಕೊಂಡು ನೋಡಿ. ಎಣ್ಣೆಯಾದರೆ ಎಂಜಿನ್ ಬದಿಯ ಸೀಲ್ ಹೋಗಿದೆ, ನೀರಾದರೆ ನೀರಿನ ಸೀಲ್ ಹೋಗಿದೆ. ತೂತು ಮುಚ್ಚಿದರೆ ಉಪ್ಪುನೀರು ಬೇರಿಂಗ್ ದಾಟಿ ಎಂಜಿನ್ ಎಣ್ಣೆಗೇ ಸೇರಬಹುದು. ಎಣ್ಣೆ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದಾಗ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸಮುದ್ರಕ್ಕೆ ಇಳಿಯಲೇಬೇಡಿ. ಹಳೆಯ ಇಂಪೆಲ್ಲರ್ ಇನ್ನೂ ಇದ್ದರೆ ಅದರ ಎಸಳುಗಳನ್ನೂ ಎಣಿಸಿ. ಒಂದು ತುಂಡಾದರೂ ಕಾಣೆಯಾಗಿದ್ದರೆ ಅದನ್ನು ಹೀಟ್ ಎಕ್ಸ್‌ಚೇಂಜರಿನ (ಉಪ್ಪುನೀರಿನಿಂದ ಎಂಜಿನ್ನಿನ ಬಿಸಿ ಇಳಿಸುವ ಭಾಗ) ನೀರು ಒಳಬರುವ ಬದಿಯ ಮುಚ್ಚಳ ತೆಗೆದು ಹುಡುಕಬೇಕು.