ಹಲಗೆ ಸಮ ಇಲ್ಲ, ಅಕ್ಷರ ನಡುವೆ ಸಣಕಲು: ನೀವು ಏನು ಮಾಡಿದಿರಿ?

ಶಿರಸಿ ಹೊಸಬ: ಸಿಎನ್‌ಸಿಯಲ್ಲಿ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಮಿಷನ್) ಸಾಗುವಾನಿ ನಾಮಫಲಕ, 600 ಬೈ 300 ಮಿ.ಮೀ. ನಡುವೆ ಅರ್ಧ ಮಿ.ಮೀ. ತಗ್ಗು. 90 ಡಿಗ್ರಿ ವಿ-ಬಿಟ್ (ಚೂಪು ತುದಿಯ ಕೊರೆಯುವ ಅಲಗು), ಮಿಷನ್ ಓಡಿಸಲು ಜಿಆರ್‌ಬಿಎಲ್ ಕಂಟ್ರೋಲರ್. ಪ್ರೋಬ್ (ಬಿಟ್ ಲೋಹ ಮುಟ್ಟಿದ್ದನ್ನು ಕರೆಂಟಿನಿಂದ ಮಿಷನ್ನಿಗೆ ತಿಳಿಸುವ ಸಾಧನ) ಕೊಂಡು, ಹಲಗೆಯ ಏರುತಗ್ಗು ಚುಕ್ಕೆ ಚುಕ್ಕೆಗೂ ಅಳೆದು ಹೈಟ್ ಮ್ಯಾಪ್ ಮಾಡುವುದಾ, ಹಲಗೆಯನ್ನೇ ಸಪಾಟು ಮಾಡುವುದಾ? ಸೋಮವಾರ ಕೊಡಬೇಕು.

ಕುಮಟಾ ಬಾಗಿಲು: ಹೈಟ್ ಮ್ಯಾಪ್ ನಂಬಿ ಕೆಟ್ಟವನು ನಾನು. ಹಲಸಿನ ಹಲಗೆ, ಇದೇ ಅಳತೆ. 50 ಮಿ.ಮೀ.ಗೊಂದು ಚುಕ್ಕೆ ಅಂದರೆ 13 ಬೈ 7, ಒಟ್ಟು 91. ಮರದಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ, ಹಾಗಾಗಿ ಅಲ್ಯೂಮಿನಿಯಂ ತುಂಡನ್ನು ಪ್ರತಿ ಚುಕ್ಕೆಗೂ ಕೈಯಲ್ಲೇ ಸರಿಸುತ್ತಾ ಕೂತೆ. 62ನೇ ಚುಕ್ಕೆಯಲ್ಲಿ ಪ್ರೋಬ್ ತಂತಿಯ ಕ್ಲಿಪ್ ಕಳಚಿದ್ದು ಕಾಣಲಿಲ್ಲ. ಬಿಟ್ ಇಳಿಯಿತು, ಇಳಿಯಿತು, ಟಕ್ ಅಂತ ಮುರಿಯಿತು. 650 ರೂಪಾಯಿ. ಹೊಸದು ಹಾಕಿ ಮೊದಲಿಂದ ಶುರು ಮಾಡಿದರೆ 84ಕ್ಕೆ ಕರೆಂಟೇ ಹೋಯಿತು! ಆಮೇಲೆ 25 ಮಿ.ಮೀ. ಸರ್ಫೇಸಿಂಗ್ ಬಿಟ್ ಹಾಕಿ ಇಡೀ ಹಲಗೆ ಹೆರೆದುಬಿಟ್ಟೆ. 20 ನಿಮಿಷ, ಒಂದು ಬುಟ್ಟಿ ಹೊಟ್ಟು. ಅವತ್ತಿನಿಂದ ಮ್ಯಾಪ್ ಕಡೆ ತಲೆ ಹಾಕಿಲ್ಲ.

ಕಾರವಾರ ಬೋರ್ಡ್: ಕ್ಲಿಪ್ ಹಾಕಲು ಬರದಿದ್ದರೆ ಮ್ಯಾಪ್ ತಪ್ಪಾ? ನಾನು ಪಿಸಿಬಿ (ತಾಮ್ರ ಹೊದಿಸಿದ ಎಲೆಕ್ಟ್ರಾನಿಕ್ ಬೋರ್ಡ್) ಕೊರೆಯುವವನು. ತಾಮ್ರ ಇರುವುದೇ 35 ಮೈಕ್ರಾನ್. ಹೆರೆದರೆ ಉಳಿಯುವುದೇನು? ಜಿಆರ್‌ಬಿಎಲ್‌ಗೆ ಮ್ಯಾಪ್ ಅಂದರೇನು ಗೊತ್ತಿಲ್ಲ, ಅದಕ್ಕೆ ಆಜ್ಞೆ ಕೊಡುವ ಕ್ಯಾಂಡಲ್ ಸಾಫ್ಟ್‌ವೇರೇ ಝಡ್ (ಬಿಟ್ಟಿನ ಎತ್ತರ) ತಿದ್ದಿ ಕಳಿಸುತ್ತದೆ. ನನಗೂ ಏಳು ಬೋರ್ಡ್ ಹೋಗಿವೆ, ಸುಮ್ನೆ ಹೇಳುತ್ತಿಲ್ಲ. ಇಲ್ಲಿಯ ಉಪ್ಪುಗಾಳಿಗೆ ಕ್ಲಿಪ್ಪಿನ ಹಲ್ಲು ಹಸಿರುಗಟ್ಟಿತ್ತು. ಮುಟ್ಟಿದ್ದು ಮಿಷನ್ನಿಗೆ ತಿಳಿಯದೆ ಬಿಟ್ ಬೋರ್ಡಿನ ಆಚೆ ಹೊರಟಿತು. ಈಗ ದಿನಾ ಬೆಳಿಗ್ಗೆ ಉಪ್ಪುಕಾಗದ ತಿಕ್ಕಿಯೇ ಕೆಲಸ.

ಕುಮಟಾ ಬಾಗಿಲು: ಪ್ರಶ್ನೆ ಮರದ್ದು ಮಾರಾಯ್ರೆ. ನಿಮ್ಮ ತಾಮ್ರ ಯಾರು ಕೇಳಿದರು?

ಯಲ್ಲಾಪುರ ಮಳೆ: ಇಬ್ಬರೂ ಮಳೆಗಾಲ ಮರೆತಿರಿ. ಜುಲೈನಲ್ಲಿ ಸಂಜೆ ಹೆರೆದಿಟ್ಟ ಹಲಗೆ ಬೆಳಿಗ್ಗೆ ದೋಣಿ ಆಗಿತ್ತು. ಕೆಳಗಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಸು ಕೂಡ ಅಂಚಿನಲ್ಲಿ ಉಬ್ಬಿತ್ತು, ಅದು ಗೊತ್ತಾಗುವ ಹೊತ್ತಿಗೆ ಮೂರು ಫಲಕ ಒಲೆಗೆ. ಎರಡೂ ಮೈ ಸಮ ಹೆರೆಯಬೇಕು, ಹೆರೆದ ದಿನವೇ ಕೆತ್ತಬೇಕು. ಕ್ಲಾಂಪ್ ಜಾಸ್ತಿ ಬಿಗಿದು ನೇರ ಮಾಡಿದರೆ ಬಿಚ್ಚಿದ ಮೇಲೆ ಮತ್ತೆ ಬಿಲ್ಲು.

ಗುಡಿಗಾರರ ಮನೆ: ನಮ್ಮ ಅಜ್ಜ ಹಲಗೆ ಮೇಲೆ ಅಂಗೈ ಆಡಿಸಿಯೇ ತಗ್ಗು ಹೇಳುತ್ತಿದ್ದರು. ಉಳಿಗೆ ಮ್ಯಾಪ್ ಬೇಕಿರಲಿಲ್ಲ. ನಿಮ್ಮ ಮಿಷನ್ ಬಂದು ನಮ್ಮ ಕೆಲಸ ಹೋಯಿತು.

ಕುಮಟಾ ಬಾಗಿಲು: ಹೋದ ವರ್ಷ ನಿಮ್ಮದೇ ಅಣ್ಣ ನನ್ನ ಹತ್ತಿರ ಎರಡು ಬಾಗಿಲು ಕೊರೆಸಿಕೊಂಡು ಹೋಗಿದ್ದು?

ಗುಡಿಗಾರರ ಮನೆ: ಅಣ್ಣನ ಲೆಕ್ಕ ಅಣ್ಣನ ಹತ್ತಿರ ಕೇಳಿ.

ಕಾರವಾರ ಬೋರ್ಡ್: ಅಂದ ಹಾಗೆ 90 ಡಿಗ್ರಿ ಬಿಟ್‌ಗೆ ಆಳ ಅರ್ಧ ಮಿ.ಮೀ. ಕಮ್ಮಿ ಆದರೆ ಗೆರೆ ಪೂರ್ತಿ ಒಂದು ಮಿ.ಮೀ. ಸಣ್ಣ ಆಗುತ್ತದೆ. ಯಾರೂ ಇದನ್ನು ಹೇಳಲಿಲ್ಲ.

ಶಿರಸಿ ಹೊಸಬ: ಹಲಗೆ ದಪ್ಪ 18 ಮಿ.ಮೀ. ಎರಡೂ ಮೈ ಹೆರೆದರೆ 16 ಉಳಿಯುತ್ತದಾ?

ಕುಮಟಾ ಬಾಗಿಲು: ಅಣ್ಣ ಇನ್ನೂ 4,000 ಬಾಕಿ ಇಟ್ಟಿದ್ದಾನೆ, ಅದನ್ನೂ ಇಲ್ಲೇ ಹೇಳಲಾ?