ಹಾಲಿನ ಮಾರ್ಗಕ್ಕೆ ಬಟರ್‌ಫ್ಲೈ ವಾಲ್ವ್: ವೆಲ್ಡಿಂಗ್ ಮತ್ತು ಜೋಡಣೆಯ ಬಗ್ಗೆ ಸಲಹೆ ಬೇಕು

ಪ್ರಶ್ನೆ

ನಮ್ಮ ಸಣ್ಣ ಡೇರಿಯಲ್ಲಿ ಪಾಶ್ಚರೈಸರ್‌ನಿಂದ ಶೇಖರಣಾ ಟ್ಯಾಂಕ್‌ಗಳಿಗೆ ಹೋಗುವ ಮಾರ್ಗವನ್ನು ಹೊಸದಾಗಿ ಹಾಕಿಸುತ್ತಿದ್ದೇವೆ. ಪೈಪು 316ಎಲ್ ಸ್ಟೇನ್‌ಲೆಸ್ ಸ್ಟೀಲಿನ ಎರಡು ಇಂಚಿನದು. ತರಿಸಿರುವ ಬಟರ್‌ಫ್ಲೈ ವಾಲ್ವ್‌ಗಳು (ಒಳಗಿನ ದುಂಡು ತಟ್ಟೆ ತಿರುಗಿ ಮಾರ್ಗ ತೆರೆದು ಮುಚ್ಚುವಂಥವು) ಜರ್ಮನಿಯ ಡಿನ್ ಮಾನದಂಡದ ಡಿಎನ್ 50 ಅಳತೆಯವು. ತುದಿಗಳು ವೆಲ್ಡ್ ಮಾಡುವಂಥವು, ಸೀಲು ಇಪಿಡಿಎಂ ಎಂಬ ರಬ್ಬರಿನದು. ವಾಲ್ವನ್ನು ಬಿಚ್ಚುವ ಅಗತ್ಯವಿಲ್ಲ, ಒದ್ದೆ ಬಟ್ಟೆ ಸುತ್ತಿ ವೆಲ್ಡ್ ಮಾಡಿದರೆ ಸೀಲಿಗೆ ಏನೂ ಆಗದು ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಇದನ್ನು ಒಪ್ಪಬಹುದೇ? ಸಿಐಪಿ ಮಾರ್ಗವನ್ನು (ಪೈಪು ಬಿಚ್ಚದೆ ಒಳಗೇ ತೊಳೆಯುವ ದ್ರವದ ಮಾರ್ಗ) ಹಾಲಿನಿಂದ ಬೇರ್ಪಡಿಸಲು ಇಂಥದೇ ಒಂದು ವಾಲ್ವ್ ಸಾಕಾಗುವುದೇ?

ಉತ್ತರ 1

ವೆಲ್ಡಿಂಗ್‌ಗಿಂತ ಮೊದಲು ಅಳತೆಯನ್ನು ನೋಡಿ. ಎರಡು ಇಂಚಿನ ಪೈಪಿನ ಹೊರವ್ಯಾಸ 50.8 ಮಿ.ಮೀ.; ಗೋಡೆ 1.65 ಮಿ.ಮೀ. ಇದ್ದರೆ ಒಳವ್ಯಾಸ 47.5 ಮಿ.ಮೀ. ಡಿನ್ ಸಾಲಿನ ಡಿಎನ್ 50 ಪೈಪಿನ ಹೊರವ್ಯಾಸ 53, ಒಳವ್ಯಾಸ 50 ಮಿ.ಮೀ. ಇವೆರಡನ್ನೂ ನೇರವಾಗಿ ಕೂಡಿಸಿದರೆ ಒಳಗೆ ಸುತ್ತಲೂ 1.25 ಮಿ.ಮೀ. ಮೆಟ್ಟಿಲು ಉಳಿದು, ಮಾರ್ಗವನ್ನು ಖಾಲಿ ಮಾಡಿದಾಗಲೂ ಅದರ ಬುಡದಲ್ಲಿ ಹಾಲು ನಿಲ್ಲುತ್ತದೆ. ಸಾಧ್ಯವಾದರೆ ವಾಲ್ವ್‌ಗಳನ್ನು ಹಿಂದಿರುಗಿಸಿ ಇಂಚಿನ ಅಳತೆಯವನ್ನೇ ತರಿಸಿ.

ಇನ್ನು ಒದ್ದೆ ಬಟ್ಟೆಯ ಮಾತು: ಒಪ್ಪಬೇಡಿ. ಬೋಲ್ಟು ಬಿಚ್ಚಿ, ತಟ್ಟೆಯನ್ನೂ ಸೀಲನ್ನೂ ಹೊರತೆಗೆದು, ವಾಲ್ವಿನ ಎರಡು ಹೋಳುಗಳನ್ನು ಮಾತ್ರ ಟಿಗ್ ವಿಧಾನದಲ್ಲಿ (ಟಂಗ್‌ಸ್ಟನ್ ಕಡ್ಡಿಯ ಆರ್ಕ್ ವೆಲ್ಡಿಂಗ್), ಪೈಪಿನೊಳಗೆ ಆರ್ಗಾನ್ ಹರಿಸುತ್ತಾ ವೆಲ್ಡ್ ಮಾಡಬೇಕು. ಒಳಬದಿಯಲ್ಲಿ ನೀಲಿ ಅಥವಾ ಕಂದು ಬಣ್ಣ ಕಂಡರೆ ಆರ್ಗಾನ್ ಸಾಲದೆ ಲೋಹ ಆಕ್ಸಿಡೀಕರಣಗೊಂಡಿದೆ ಎಂದರ್ಥ. ಅದನ್ನು ಪಿಕ್ಲಿಂಗ್ (ಆಮ್ಲದಿಂದ ಆ ಪದರ ತೆಗೆಯುವುದು) ಮತ್ತು ಪ್ಯಾಸಿವೇಶನ್ (ಲೋಹದ ರಕ್ಷಣಾ ಪದರ ಮರಳಿ ಬರಿಸುವುದು) ಮಾಡಿಸದೆ ಬಿಟ್ಟರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಪೂರ್ತಿ ತಣಿದ ಮೇಲೆ ಸೀಲು ಕೂರಿಸಿ, ತಟ್ಟೆಯನ್ನು ತೆರೆದ ಸ್ಥಿತಿಯಲ್ಲಿಟ್ಟು ಬೋಲ್ಟು ಬಿಗಿಯಿರಿ. ಮುಂದೆ ಸೀಲು ಬದಲಿಸುವಾಗ ಹೋಳುಗಳನ್ನು ಒಂದಿಷ್ಟು ಅಗಲಿಸಲು ಪೈಪಿಗೆ ಸಡಿಲವಿರಬೇಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಉತ್ತರ 2

ಎರಡನೆಯ ಪ್ರಶ್ನೆಗೆ ಉತ್ತರ: ಸಾಲದು. ಒಂದೇ ಸೀಲಿನ ಆಚೆ ತೊಳೆಯುವ ಕಾಸ್ಟಿಕ್ ಕ್ಷಾರ, ಈಚೆ ಹಾಲು ಇದ್ದರೆ, ಸೀಲು ಸವೆದ ದಿನ ಅದನ್ನು ತಿಳಿಸುವ ಯಾವ ಗುರುತೂ ಹೊರಗೆ ಕಾಣುವುದಿಲ್ಲ. ಸೀಲು ಕೂರುವ ಎರಡು ಸೀಟುಗಳ ನಡುವೆ ವಾತಾವರಣಕ್ಕೆ ತೆರೆದ ಸೋರು ಕೋಣೆಯಿರುವ ಮಿಕ್ಸ್‌ಪ್ರೂಫ್ ವಾಲ್ವ್ ಇದಕ್ಕೆಂದೇ ಬಂದದ್ದು: ಯಾವ ಸೀಲು ಸೋರಿದರೂ ದ್ರವ ಹೊರಗೆ ತೊಟ್ಟಿಕ್ಕುತ್ತದೆ. ಅದು ದುಬಾರಿಯೆನಿಸಿದರೆ ಬಿಚ್ಚಿ ತಿರುಗಿಸುವ ಬೆಂಡ್ ಪೈಪ್ ಸಾಕು. ಸಣ್ಣ ಡೇರಿಗೆ ನಾನು ಅದನ್ನೇ ಹೇಳುತ್ತೇನೆ, ಏಕೆಂದರೆ ಒಂದು ಸಮಯಕ್ಕೆ ಒಂದೇ ಮಾರ್ಗ ಜೋಡಣೆಯಲ್ಲಿರುತ್ತದೆ ಮತ್ತು ಅದನ್ನು ಕಣ್ಣಾರೆ ಕಾಣಬಹುದು. ಮಿಕ್ಸ್‌ಪ್ರೂಫ್ ವಾಲ್ವ್ ಹಾಕಿದರೆ ಅದರ ಸೋರುವ ಬಾಯಿಯನ್ನು ಮಾತ್ರ ಅಂದಕ್ಕಾಗಿ ಚರಂಡಿಯ ಪೈಪಿಗೆ ಸೇರಿಸಿ ಮುಚ್ಚಬೇಡಿ.

ಉತ್ತರ 3

ಮೇಲಿನವರ ಮಾತಿಗೆ ನನ್ನ ತಕರಾರಿಲ್ಲ, ಆದರೆ ವಾಲ್ವ್ ಕೂರುವ ಜಾಗವೂ ಅಷ್ಟೇ ಮುಖ್ಯ. ‘ಟಿ’ ಆಕಾರದ ಕವಲಿನ ವಾಲ್ವ್ ಮುಖ್ಯ ಪೈಪಿನಿಂದ ದೂರವಿದ್ದರೆ ನಡುವಿನ ಕುರುಡು ತುಂಡಿನಲ್ಲಿ ಸಿಐಪಿ ದ್ರವ ಸರಿಯಾಗಿ ಹರಿಯುವುದಿಲ್ಲ. ಆ ಅಂತರ ಪೈಪಿನ ವ್ಯಾಸಕ್ಕಿಂತ ಕಡಿಮೆಯಿರಲಿ. ಮಾರ್ಗಕ್ಕೆ ನೂರಕ್ಕೆ ಒಂದರಂತೆ ಇಳಿಜಾರು ಕೊಡಿ. ಅಡ್ಡ ಪೈಪಿನಲ್ಲಿ ವಾಲ್ವಿನ ತಟ್ಟೆ ತಿರುಗಿಸುವ ದಂಡ ಅಡ್ಡವಾಗಿರಲಿ, ಆಗ ಕೆಳಗಿನ ಬೇರಿಂಗಿನ ಬಳಿ ಗಷ್ಟು ಕೂರುವುದಿಲ್ಲ.

ಸಿಐಪಿ ಪಂಪಿನ ಸಾಮರ್ಥ್ಯವನ್ನೂ ಪರಿಶೀಲಿಸಿ: 47.5 ಮಿ.ಮೀ. ಒಳವ್ಯಾಸದಲ್ಲಿ ಚೆನ್ನಾಗಿ ತೊಳೆಯಲು ಬೇಕಾದ ಸೆಕೆಂಡಿಗೆ 1.5 ಮೀಟರ್ ವೇಗ ಸಿಗಲು ಗಂಟೆಗೆ ಸುಮಾರು 9,600 ಲೀಟರ್ ಹರಿಯಬೇಕು. ಬಿಸಿಯಿಂದ 60 ಡಿಗ್ರಿ ಏರಿದರೆ 10 ಮೀಟರ್ ಪೈಪು ಸುಮಾರು 10 ಮಿ.ಮೀ. ಹಿಗ್ಗುವುದರಿಂದ, ಆಧಾರಗಳು ಪೈಪನ್ನು ಹೊರಬೇಕೇ ಹೊರತು ಆ ಒತ್ತಡ ವಾಲ್ವಿನ ಮೇಲೆ ಬೀಳಬಾರದು. ಇಪಿಡಿಎಂ ಸೀಲು ಹಾಲಿಗೂ ಕಾಸ್ಟಿಕ್‌ಗೂ ಸರಿಯೇ. ಅದೇ ಮಾರ್ಗದಲ್ಲಿ ಮುಂದೆ ಕೆನೆ ಅಥವಾ ತುಪ್ಪ ಹರಿಸುವ ಯೋಚನೆಯಿದ್ದರೆ ಅದು ಕೊಬ್ಬಿಗೆ ಉಬ್ಬುತ್ತದೆ. ಹಾಗಿದ್ದರೆ ಕೊಬ್ಬು ತಾಳುವ ಎಚ್‌ಎನ್‌ಬಿಆರ್ ರಬ್ಬರಿನ ಸೀಲನ್ನು ಈಗಲೇ ಕೇಳಿ.