ನೀರುಗಂಟಿ ಇದ್ದ ಊರಿಗೆ ಸರ್ಕಾರ ಏಕೆ ಬೇಕಾಯಿತು?

ಪ್ರಶ್ನೆ: ನಮಸ್ಕಾರ ಸರ್. ಸರ್ಕಾರವಿಲ್ಲದಿದ್ದರೆ ಮತ್ಸ್ಯನ್ಯಾಯವೇ ಗತಿ, ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಆದರೆ ನಮ್ಮ ಅಜ್ಜನ ಕಾಲದಲ್ಲಿ ಕೆರೆಯ ನೀರನ್ನು ನೀರುಗಂಟಿಯೊಬ್ಬನೇ ಜಗಳವಿಲ್ಲದೆ ಹಂಚುತ್ತಿದ್ದನಂತೆ. ಹಾಗಾದರೆ ಸಮಾಜಕ್ಕೆ ಸರ್ಕಾರ ನಿಜವಾಗಿಯೂ ಬೇಕೇ?

ಉತ್ತರ (ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ): ಜಗಳವೇ ಇರಲಿಲ್ಲ ಎಂಬುದನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ, ಅಜ್ಜಂದಿರ ನೆನಪಿನಲ್ಲಿ ಕೆರೆಗಳು ಯಾವಾಗಲೂ ತುಂಬಿಯೇ ಇರುತ್ತವೆ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವ ಅಧಿಕಾರ ನೀರುಗಂಟಿಗಿತ್ತು, ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರು ಕಣದಲ್ಲಿಯೇ ಅವನ ಪಾಲಿನ ಭತ್ತವನ್ನು ಅಳೆದು ಕೊಡುತ್ತಿದ್ದರು, ರಾತ್ರಿ ಕದ್ದು ನೀರು ತಿರುಗಿಸಿಕೊಂಡವನಿಗೆ ಊರಿನ ಹಿರಿಯರು ದಂಡ ಹಾಕುತ್ತಿದ್ದರು. ಅಧಿಕಾರ, ತೆರಿಗೆ, ಶಿಕ್ಷೆ ಮೂರೂ ಅಲ್ಲಿದ್ದವು. ಸರ್ಕಾರ ಎಂಬ ಹೆಸರೊಂದು ಇರಲಿಲ್ಲ, ಅಷ್ಟೆ.

ಮೇಲಿನ ಗದ್ದೆಯವನೂ ಕೆಳಗಿನ ಗದ್ದೆಯವನೂ ಬೆಳಗಾದರೆ ಮುಖ ನೋಡಬೇಕಾದವರಾಗಿದ್ದರಿಂದ ಆ ವ್ಯವಸ್ಥೆ ನಡೆಯಿತು. ಮಂಡ್ಯದ ರೈತನಿಗೂ ತಂಜಾವೂರಿನ ರೈತನಿಗೂ ಆ ಪರಿಚಯವಿಲ್ಲ. ಕಾವೇರಿಯ ವಿಷಯದಲ್ಲಿ ಮೈಸೂರು ಮತ್ತು ಮದ್ರಾಸು 1892 ಹಾಗೂ 1924ರಲ್ಲಿ ಒಪ್ಪಂದ ಮಾಡಿಕೊಂಡವು. 1990ರಲ್ಲಿ ನ್ಯಾಯಮಂಡಳಿ ರಚನೆಯಾಗಿ, 2007ರಲ್ಲಿ ಅದರ ಅಂತಿಮ ತೀರ್ಪು ಬಂದು, 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿ ಎಂದು ನಿಗದಿಪಡಿಸಿತು. ಆ ಅಂಕಿ ಎರಡೂ ಕಡೆಯವರಿಗೆ ಪೂರ್ತಿ ಸಮಾಧಾನ ತಂದಿಲ್ಲ. ಆದರೂ ಮಳೆ ಕೈಕೊಟ್ಟ ವರ್ಷ ವಾದ ಮಾಡಲು ಒಂದು ಜಾಗವಿದೆ, ಕಟ್ಟುಬೀಳಬೇಕಾದ ಒಂದು ಲೆಕ್ಕವಿದೆ.

ಮರುಪ್ರಶ್ನೆ: ಆದರೆ ಸರ್, ಸರ್ಕಾರದ ಕೈಗೆ ಹೋದ ಮೇಲೆಯೇ ಅಲ್ಲವೇ ನಮ್ಮ ಕೆರೆಯಲ್ಲಿ ಹೂಳು ತುಂಬಿದ್ದು? ಊರಿನ ಹಿರಿಯರೇ ವಾಸಿಯಾಗಿದ್ದರಲ್ಲ?

ಉತ್ತರ: ಹೂಳಿನ ಮಾತಿನಲ್ಲಿ ಸತ್ಯವಿದೆ. ಕೆರೆ ‘ಸರ್ಕಾರದ್ದು’ ಎಂದಾದ ಮೇಲೆ ಊರವರು ಹೂಳೆತ್ತುವುದನ್ನು ಬಿಟ್ಟರು, ಕೊಳವೆಬಾವಿ ಬಂದ ಮೇಲಂತೂ ಕೆರೆಯ ಕಡೆ ತಿರುಗಿ ನೋಡುವ ಅಗತ್ಯವೂ ಉಳಿಯಲಿಲ್ಲ. ಆದರೆ ಯಾರು ಕೆರೆಯ ನೀರನ್ನು ಮುಟ್ಟಬಾರದು ಎಂದು ಕಟ್ಟಳೆ ಮಾಡಿದವರೂ ಅಂಥ ಹಿರಿಯರೇ. ಮಹಾರಾಷ್ಟ್ರದ ಮಹಾಡ್ ಪಟ್ಟಣದ ಚವದಾರ್ ಕೆರೆಯ ನೀರನ್ನು ಕುಡಿಯಲು 1927ರಲ್ಲಿ ಡಾ. ಅಂಬೇಡ್ಕರ್ ಅವರು ಸತ್ಯಾಗ್ರಹವನ್ನೇ ಮಾಡಬೇಕಾಯಿತು. ಸಂವಿಧಾನದ 15ನೆಯ ವಿಧಿ ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿಯೇ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎನ್ನುತ್ತದೆ. ಊರೇ ಎದುರು ನಿಂತಾಗ ಒಬ್ಬನೇ ವ್ಯಕ್ತಿ ಹೋಗಿ ಕೇಳಬಹುದಾದ ಬಾಗಿಲು ಊರಿನ ಆಚೆಗೆ ಇರಬೇಕಾಗುತ್ತದೆ.

ಹೂಳಿನ ದೂರನ್ನು ಮಾತ್ರ ಮುಂದಿನ ಗ್ರಾಮಸಭೆಯಲ್ಲಿ ಬರವಣಿಗೆಯಲ್ಲೇ ಕೊಡಿ, ನಡಾವಳಿಯಲ್ಲಿ ದಾಖಲಾಯಿತೇ ಎಂದು ನೋಡಿಕೊಂಡು ಬನ್ನಿ.